ಕಾರಿನ ಆಟೋ ಎಸಿ: ಒಂದು ತಾತ್ತ್ವಿಕ ವಿವೇಚನೆ

ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಕಾರಿನ ಆಟೋ ಎಸಿ ತನ್ನಷ್ಟಕ್ಕೆ ತಾನು ನಡೆಯುವುದು ಕಾರಿನೊಳಗೆ ಜನರಿಲ್ಲದಾಗ ಮಾತ್ರ. ಜನ ಬಂದು ಕೂತೊಡನೆ ಅದು ಕೈಯಿಂದ ನಡೆಸುವ ಯಂತ್ರವಾಗಿಬಿಡುತ್ತದೆ. 1964ರ ಮಾದರಿಯ ಕ್ಯಾಡಿಲಾಕ್ ಕಾರುಗಳಲ್ಲಿ ‘ಕಂಫರ್ಟ್ ಕಂಟ್ರೋಲ್’ ಎಂಬ ನಾಮಧೇಯದಿಂದ ಅವತರಿಸಿದ ಈ ವ್ಯವಸ್ಥೆಯ ಮೂಲೋದ್ದೇಶ, ಉಷ್ಣಾಂಶವನ್ನು ಒಮ್ಮೆ ಗೊತ್ತುಮಾಡಿ ಆಮೇಲೆ ಮನುಷ್ಯ ಸುಮ್ಮನಿರಲಿ ಎಂಬುದು. ಸುಮ್ಮನಿರುವುದು ಮನುಷ್ಯಸ್ವಭಾವಕ್ಕೆ ಹೊರತಾದದ್ದೆಂದು ಆ ಎಂಜಿನಿಯರುಗಳು ಲೆಕ್ಕಕ್ಕೆ ಹಿಡಿದಂತಿಲ್ಲ.

ಮೊದಲು ಪ್ರತ್ಯಕ್ಷ ಪ್ರಮಾಣ. ಈ ಯಂತ್ರಕ್ಕೆ ಇಂದ್ರಿಯಗಳ ಕೊರತೆಯಿಲ್ಲ. ಮುಂದಿನ ಬಂಪರಿನ ಹಿಂದಿರುವ ಸೆನ್ಸರ್ ಹೊರಗಿನ ಸೆಕೆಯನ್ನು ಅಳೆಯುತ್ತದೆ; ಸ್ಟೇರಿಂಗ್ ಪಕ್ಕದ ಪುಟ್ಟ ಜಾಲರಿಯ ಹಿಂದಿನದು ಒಳಗಿನ ಗಾಳಿಯನ್ನು ಮೂಸುತ್ತದೆ; ಡ್ಯಾಶ್‌ಬೋರ್ಡಿನ ಮೇಲೆ, ಗಾಜಿನ ಬುಡದಲ್ಲಿ, ಅಂಗಿ ಗುಂಡಿಯಷ್ಟಿರುವ ಕಪ್ಪು ಉಬ್ಬು ಬಿಸಿಲನ್ನು ಗ್ರಹಿಸುತ್ತದೆ. ಇವುಗಳ ವರದಿಗೆ ತಕ್ಕಂತೆ ಬಿಸಿಗಾಳಿ ತಣ್ಣಗಾಳಿ ಬೆರೆಸುವ ಬಾಗಿಲೂ ಫ್ಯಾನಿನ ವೇಗವೂ ತಾವಾಗಿ ಹೊಂದಿಕೊಳ್ಳುತ್ತವೆ. ಆದರೆ ಸರಿಯಾಗಿ ಆ ಕಪ್ಪು ಉಬ್ಬಿನ ಮುಂದೆಯೇ ಗಣಪತಿಯನ್ನು ಪ್ರತಿಷ್ಠಾಪಿಸುವ, ಇಲ್ಲವೇ ಅದರ ಮೇಲೆ ಟಿಶ್ಯೂ ಡಬ್ಬಿ ಇಡುವ ಸಂಪ್ರದಾಯ ನಮ್ಮಲ್ಲುಂಟು. ವಿಘ್ನನಿವಾರಕನ ನೆರಳಿನಲ್ಲಿ ಕೂತ ಸೆನ್ಸರ್, ಮೇ ತಿಂಗಳ ರಾಯಚೂರಿನಲ್ಲಿಯೂ ಮೋಡ ಕವಿದಿದೆಯೆಂದೇ ವರದಿ ಒಪ್ಪಿಸುತ್ತದೆ. ಚಾಲಕ ಬೆವರೊರೆಸಿಕೊಂಡು ಫ್ಯಾನಿನ ಗುಂಡಿ ಒತ್ತುತ್ತಾನೆ. ‘ಆಟೋ’ ದೀಪ ಆರುತ್ತದೆ. ಪ್ರತಿಜ್ಞೆ ಅರ್ಧ ಸಿದ್ಧವಾಯಿತು.

ಇಲ್ಲಿ ಪೂರ್ವಪಕ್ಷದವರು ಕೇಳಬಹುದು: ಬಿಸಿಲಲ್ಲಿ ನಿಂತ ಕಾರಿಗೆ 18 ಡಿಗ್ರಿ ಕೊಟ್ಟರೆ ಬೇಗ ತಣ್ಣಗಾಗುವುದಿಲ್ಲವೇ? ಇಲ್ಲ. ಚೆನ್ನಾಗಿ ಕಾದ ಕಾರಿನಲ್ಲಿ 24 ಎಂದರೂ ಕಂಪ್ರೆಸರ್ ಪೂರ್ತಿ ಶಕ್ತಿ ಹಾಕಿಯೇ ದುಡಿಯುತ್ತಿರುತ್ತದೆ. 18 ಎಂದೊಡನೆ ಅದಕ್ಕೆ ಇನ್ನೆರಡು ಕೈ ಮೂಡುವುದಿಲ್ಲ. ಸ್ವಲ್ಪ ಹೊತ್ತು ಕಿಟಕಿ ಇಳಿಸಿ ಬಿಸಿಗಾಳಿಯನ್ನು ಹೊರದಬ್ಬುವುದೇ ಹತ್ತಿರದ ದಾರಿ. ಆದರೂ 18 ಒತ್ತಿದವನಿಗೆ ತಾನೇನೋ ಮಾಡಿದೆನೆಂಬ ತೃಪ್ತಿಯಿದೆ. ಅದನ್ನು ಅಳೆಯುವ ಸೆನ್ಸರ್ ಮಾತ್ರ ಯಾವ ಕಾರಿನಲ್ಲಿಯೂ ಇಲ್ಲ. ಎಡಕ್ಕೊಂದು ಬಲಕ್ಕೊಂದು ಉಷ್ಣಾಂಶ ಕೊಡುವ ಡ್ಯುಯಲ್ ಝೋನ್ ಬಂದ ಮೇಲೆ ತಂಟೆಯೆಲ್ಲಿ ಎಂಬುದು ಎರಡನೆಯ ಆಕ್ಷೇಪ. ನಡುವೆ ಗೋಡೆಯಿಲ್ಲದ ಕಡೆ ಗಾಳಿ ಗಡಿ ಪಾಲಿಸುವುದಿಲ್ಲ. ಮೇಲಾಗಿ ಅದು ಮುಂದಿನ ಸೀಟಿನ ಇಬ್ಬರ ಒಪ್ಪಂದ. ಹಿಂದಿನಿಂದ ‘ಯಾಕೋ ಚಳಿಯಪ್ಪಾ, ಕಿವಿ ನೋಯ್ತಿದೆ’ ಎನ್ನುವ ಅಜ್ಜಿ ಅದಕ್ಕೆ ರುಜು ಹಾಕಿದವರಲ್ಲ. ಕಾನೂನು ತಂದರಾಯಿತು ಎನ್ನುವವರೂ ಇದ್ದಾರೆ. ಕೇಂದ್ರ ಸರಕಾರ ಮನೆಯ ಎಸಿಗಳಿಗೆ 2020ರಿಂದ ಅದನ್ನೂ ಮಾಡಿದೆ. ಆದರೆ ಅದು ವಿಧಿಸಿದ್ದು ಎಸಿ ಹಾಕಿದಾಗ ಬರಬೇಕಾದ 24 ಎಂಬ ಅಂಕಿಯನ್ನು. ರಿಮೋಟಿನ ಮೇಲಿನ ಹೆಬ್ಬೆರಳನ್ನಲ್ಲ.

ಆದಕಾರಣ ಸಿದ್ಧಾಂತ: ಜನರಿಗೆ ಬೇಕಾದದ್ದು ತಂಪಲ್ಲ, ಅಧಿಕಾರ. ಪ್ರತಿ ಸೀಟಿಗೂ ಒಂದೊಂದು ಗುಂಡಿ ಕೊಡತಕ್ಕದ್ದು. ಒತ್ತಿದರೆ ಟಕ್ಕೆನ್ನಬೇಕು, ದೀಪ ಹೊತ್ತಬೇಕು, ಅಂಕಿ ಬದಲಾಗಬೇಕು. ತಂತಿ ಮಾತ್ರ ಎಲ್ಲಿಗೂ ಹೋಗಬಾರದು. ಇದು ಮೋಸವೆಂಬ ಕೊನೆಯ ಆಕ್ಷೇಪಕ್ಕೆ ಉತ್ತರ ಸುಲಭ. ಕಾದ ಕಾರಿನಲ್ಲಿ 18 ಒತ್ತುವ ಚಾಲಕನಿಗೆ ಈ ಸೌಲಭ್ಯ ಈಗಾಗಲೇ ಇದೆ. ಅದನ್ನು ಹಿಂದಿನ ಸೀಟಿಗೂ ವಿಸ್ತರಿಸಬೇಕೆಂಬುದಷ್ಟೇ ಪ್ರಬಂಧಕಾರರ ನಮ್ರ ಬೇಡಿಕೆ.