ಲಾಡ್ಜಿನ ಕಿಟಕಿ

ಇಂಟರ್‌ವ್ಯೂಗೆ ಬರುವ ಹುಡುಗರು, ಅವರನ್ನು ಒಬ್ಬರೇ ಕಳಿಸಲಾರದ ಅಪ್ಪಂದಿರು, ಮಗಳ ಪಿ.ಜಿ.ಯಲ್ಲಿ ಗಂಡಸರಿಗೆ ಪ್ರವೇಶವಿಲ್ಲದ ನನ್ನಂಥವರು: ಕುಂದಲಹಳ್ಳಿಯ ಅಗ್ಗದ ಲಾಡ್ಜುಗಳು ನಡೆಯುವುದೇ ನಮ್ಮಿಂದ. ರಾತ್ರಿ ಬಸ್ಸು ಐದಕ್ಕೇ ಇಳಿಸುತ್ತದೆ, ಚೆಕ್-ಇನ್ ಹನ್ನೆರಡಕ್ಕೆ. ಅಲ್ಲಿಯವರೆಗೆ ರಿಸೆಪ್ಷನ್ನಿನ ಸೋಫಾದಲ್ಲಿ, ಬ್ಯಾಗಿನ ಪಕ್ಕ ಇನ್ನೊಂದು ಬ್ಯಾಗಿನಂತೆ ಕೂತಿರಬೇಕು.

ಆಧಾರ್ ಜೆರಾಕ್ಸ್ ಕೊಟ್ಟು ಮೇಲೆ ಹೋದರೆ, ಫೋಟೋದಲ್ಲಿ ಕಂಡ ಕಿಟಕಿ ನಿಜಕ್ಕೂ ಇತ್ತು. ತೆರೆದೆ. ಕೈಗೆಟಕುವಷ್ಟು ಹತ್ತಿರ ಪಕ್ಕದ ಕಟ್ಟಡ. ಅಲ್ಲಿ ಯಾರದೋ ಬನಿಯನ್ ಒಣಗುತ್ತಿತ್ತು.

“ವ್ಯೂ ಇದೆ ಅಂದಿದ್ರಲ್ಲಪ್ಪಾ?” ಎಂದೆ ರೂಮ್‌ಬಾಯ್‌ಗೆ.

“ಟೆರೇಸಿಗೆ ಹೋದ್ರೆ ಮೆಟ್ರೋ ಕಾಣುತ್ತೆ ಸಾರ್.”

ಸುಳ್ಳಲ್ಲ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡ್–ಕೆ.ಆರ್. ಪುರ ನಡುವೆ ನೇರಳೆ ಮಾರ್ಗ ಶುರುವಾಯಿತು. ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿ, ಈಗ ಇಲ್ಲಿಂದ ಮೆಜೆಸ್ಟಿಕ್ಕಿಗೆ ಒಂದೇ ರೈಲು. “ಹಾಗಿದ್ರೆ ಮೆಜೆಸ್ಟಿಕ್ಕಲ್ಲೇ ಉಳ್ಕೋಬಹುದಿತ್ತಲ್ರೀ” ಎಂದಳು ಫೋನಿನಲ್ಲಿ ಹೆಂಡತಿ. ಪುಣ್ಯಕ್ಕೆ ಸಿಗ್ನಲ್ ಹೋಯಿತು. ಐ.ಟಿ. ಏರಿಯಾದಿಂದ ನನಗಾದ ಉಪಕಾರ ಇದೊಂದೇ.

ಬಿಸಿನೀರು ಆರರಿಂದ ಎಂಟರವರೆಗೆ. ಎಂಟು ಹೊಡೆದಾಗ ನನ್ನ ತಲೆ ತುಂಬ ಶಾಂಪೂ. ಬಾಗಿಲು ಬಡಿದ ಸದ್ದು ಕೇಳಿ, ಬಕೆಟ್ ತಂದನೇನೋ ಎಂದು ಓಗೊಟ್ಟೆ.

“ಸಾರ್, ಐದು ಸ್ಟಾರ್ ಕೊಡ್ತೀರಲ್ವಾ?”