ಸೈಟು ಮಾವ

ಬೆಂಗಳೂರಿನ ಯಾವ ಬಳಗವನ್ನು ಬೇಕಾದರೂ ನೋಡಿ, ಅಲ್ಲೊಬ್ಬ ಸೈಟು ಮಾವ ಇದ್ದೇ ಇರುತ್ತಾರೆ. ಸರ್ಕಾರಿ ನೌಕರಿಯಿಂದ ರಿಟೈರಾಗಿರುತ್ತಾರೆ, ಸೈಟಿನ ಚಿಂತೆಯಿಂದ ಆಗಿರುವುದಿಲ್ಲ. ಮದುವೆಗೆ ಗಂಡು ನೋಡಿದರೆ ಗೋತ್ರಕ್ಕಿಂತ ಮೊದಲು ಹುಡುಗನ ಮನೆ ಯಾವ ಲೇಔಟು, ಎಷ್ಟಕ್ಕೆಷ್ಟು, ಎ ಖಾತೆಯೋ ಬಿ ಖಾತೆಯೋ ಎಂದು ವಿಚಾರಿಸುತ್ತಾರೆ. ವೈಕುಂಠ ಸಮಾರಾಧನೆಯ ಊಟ ಮುಗಿಸಿ ಕೈ ತೊಳೆಯುತ್ತ, “ಪುಣ್ಯಾತ್ಮ, ಆ ಕಾಲದಲ್ಲೇ ಜಯನಗರದಲ್ಲಿ ಕಾರ್ನರ್ ಸೈಟು ಮಾಡಿಟ್ಟಿದ್ದ” ಎಂದು ತೀರಿಕೊಂಡವರಿಗೆ ಸದ್ಗತಿ ಕೊಡುತ್ತಾರೆ.

ನಮ್ಮ ಸೈಟು ಮಾವನ ನಿಜವಾದ ಆಸ್ತಿ ಎಂದರೆ ಅವರು ಕೊಳ್ಳದೆ ಬಿಟ್ಟ ಸೈಟುಗಳು. ಕೊಂಡದ್ದು ಒಂದೇ, ಅದರಲ್ಲಿ ಮನೆ ಕಟ್ಟಿಕೊಂಡು ಇದ್ದಾರೆ, ಅದರ ಸುದ್ದಿಯನ್ನೇ ಎತ್ತುವುದಿಲ್ಲ. ಬಿಟ್ಟವುಗಳ ಪಟ್ಟಿ ಮಾತ್ರ ಕೋರಮಂಗಲದಲ್ಲಿ ಶುರುವಾಗಿ ಎಚ್‌ಎಸ್‌ಆರ್ ಲೇಔಟು ಹಾದು ಯಲಹಂಕ ಮುಟ್ಟುತ್ತದೆ. ಕಥೆ ಎಲ್ಲದಕ್ಕೂ ಒಂದೇ: ಅಡ್ವಾನ್ಸು ಜೇಬಿನಲ್ಲಿತ್ತು, ಸ್ಕೂಟರು ಗೇಟಿನಾಚೆ ನಿಂತಿತ್ತು, ಅಷ್ಟರಲ್ಲಿ ಅತ್ತೆ “ನರಿ ಊಳಿಡೋ ಕಡೆ ಯಾರ್ರೀ ಹೋಗಿರ್ತಾರೆ” ಎಂದುಬಿಟ್ಟರು. ಇವತ್ತಿನ ರೇಟು ಹಾಕಿದರೆ ಮಾವ ಹಲವು ಕೋಟಿ ಕಳೆದುಕೊಂಡವರು. ಆ ನಷ್ಟವನ್ನು ಹೊತ್ತು ತಿರುಗುವ ಗತ್ತು ಅಷ್ಟು ಕೋಟಿ ಗಳಿಸಿದವರಲ್ಲೂ ಕಾಣಲಾರದು.

ಇಂಥವರ ಮುಂದೆ ನಾನು ಡಿಸೆಂಟ್ರಾಲ್ಯಾಂಡ್ ತೆರೆದಿಟ್ಟೆ. ಅರ್ಜೆಂಟೀನಾದ ಆರಿ ಮೈಲಿಚ್ ಮತ್ತು ಎಸ್ಟೆಬಾನ್ ಒರ್ಡಾನೊ ಎಂಬಿಬ್ಬರು ಶುರುಮಾಡಿದ ಈ ಕಂಪ್ಯೂಟರಿನೊಳಗಿನ ಊರು 2020ರ ಫೆಬ್ರವರಿ 20ರಂದು ಸಾರ್ವಜನಿಕರಿಗೆ ಬಾಗಿಲು ತೆರೆದಿತ್ತು. ಅಲ್ಲಿನ ಜಾಗ ಯಾರದ್ದು ಎಂಬುದು ಕಂಪನಿಯ ಕಡತದಲ್ಲಿ ಇರುವುದಿಲ್ಲ, ಈಥೀರಿಯಂ ಬ್ಲಾಕ್‌ಚೈನಿನಲ್ಲಿ ಇರುತ್ತದೆ. ಎಲ್ಲರೂ ಓದಬಹುದಾದ, ಯಾರೊಬ್ಬರೂ ತಿದ್ದಲಾಗದ ಲೆಕ್ಕದ ಪುಸ್ತಕ ಅದು. ಅಲ್ಲಿನ ನಾಣ್ಯ ಮಾನಾ. ಇದನ್ನೆಲ್ಲ ವಿವರಿಸಬೇಕೆಂದಿದ್ದೆ. “ಇಲ್ಲಿ ಸೈಟು ಮಾರ್ತಾರೆ ಮಾವ” ಎನ್ನುವಷ್ಟರಲ್ಲಿ ಅವರು ಕನ್ನಡಕ ಒರೆಸಿ, ಕುರ್ಚಿ ಎಳೆದುಕೊಂಡು ಕೂತಾಗಿತ್ತು.

ಊರು ಬ್ರೌಸರಿನಲ್ಲಿ ಮೂಡುವುದಕ್ಕೆ ಬಹಳ ಹೊತ್ತು ಹಿಡಿಯಿತು. ಲ್ಯಾಪ್‌ಟಾಪಿನ ಫ್ಯಾನು ಚಟ್ನಿಗಿಟ್ಟ ಮಿಕ್ಸಿಯ ಹಾಗೆ ಅರಚತೊಡಗಿತು. ಮೊದಲು ನಮಗೊಂದು ಅವತಾರ ಮಾಡಿಕೊಳ್ಳಬೇಕು. “ಪಂಚೆ ಇಲ್ವೇನೋ?” ಎಂದರು. ಇರಲಿಲ್ಲ. ಗಡ್ಡ ಬಿಟ್ಟ, ಬನಿಯನ್ನಿನಂಥ ಅಂಗಿಯ ತರುಣನಾಗಿ ಮಾವ ಜೆನೆಸಿಸ್ ಪ್ಲಾಜಾದಲ್ಲಿ ಇಳಿದರು.

ಬೇರೆಯವರಾದರೆ ಅಲ್ಲಿನ ವೇಗಸ್ ಸಿಟಿಯ ಜೂಜುಕಟ್ಟೆಗೋ ಕಲಾ ಗ್ಯಾಲರಿಗೋ ಓಡುತ್ತಿದ್ದರು. ಮಾವ ಖಾಲಿ ಜಾಗ ಹುಡುಕಿಕೊಂಡು ಹೋದರು. ಹುಡುಕುವ ಕಷ್ಟವೇನೂ ಇರಲಿಲ್ಲ. ನಾವು ಹತ್ತಿರ ಹೋದಂತೆ ಅಲ್ಲೊಂದು ಇಲ್ಲೊಂದು ಕಟ್ಟಡ ಗಾಳಿಯಲ್ಲಿ ಮೂಡಿ ನಿಲ್ಲುತ್ತಿತ್ತು. ಉಳಿದದ್ದೆಲ್ಲ ಹುಲ್ಲು, ಮರ, ಬಂಡೆ. ಮನುಷ್ಯರ ಸುಳಿವು ಕಡಿಮೆ. ಅಡುಗೆ ಮನೆಯಿಂದ ಬಂದ ಅತ್ತೆ ಒಮ್ಮೆ ಇಣುಕಿ, “ನರಿನಾದ್ರೂ ಇದೆಯೇನ್ರೀ ಅಲ್ಲಿ?” ಎಂದು ಕೇಳಿ ಹೋದರು.

“ಅಳತೆ ಎಷ್ಟೋ?”

ಒಂದು ಪಾರ್ಸೆಲ್ಲು 16 ಮೀಟರಿಗೆ 16 ಮೀಟರು ಎಂದೆ. ಮಾವ ಕಣ್ಣು ಮುಚ್ಚಿ ಬಿಟ್ಟರು. “ಐವತ್ತೆರಡೂವರೆ ಅಡಿ ಚೌಕ. ಫಾರ್ಟಿ ಸಿಕ್ಸ್ಟಿಗಿಂತ ಜಾಸ್ತಿನೇ ಆಯ್ತು! ಒಟ್ಟು ಎಷ್ಟು ಸೈಟು?”

“90,601.”

“ಆ ಒಂದು ಯಾಕೆ? ಜಿ ಕೆಟಗರಿನಾ?”

ಅಲ್ಲ, ಉದ್ದಕ್ಕೆ 301, ಅಡ್ಡಕ್ಕೆ 301, ಗುಣಿಸಿದರೆ ಅಷ್ಟು ಎಂದೆ. ಮಂತ್ರಿ ಕೋಟಾ ಇಲ್ಲದ ಲೇಔಟು ಎಂದರೆ ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಇ.ಸಿ. ವಿಷಯ ಬಂದಾಗ ಮುಖ ಅರಳಿತು. ಮೊದಲ ಹರಾಜು ಆದದ್ದು 2017ರ ಡಿಸೆಂಬರಿನಲ್ಲಿ. ಅಂದಿನಿಂದ ಒಂದೊಂದು ಪಾರ್ಸೆಲ್ಲೂ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದು ಕೂತಲ್ಲೇ ಕಾಣುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಗಿಲಲ್ಲಿ ಯೌವನ ಕಳೆದ ಮನುಷ್ಯ ಒಂದು ಕ್ಷಣ ಮಾತೇ ಆಡಲಿಲ್ಲ.

“ಪತ್ರ ಕಳೆದುಹೋದರೆ?”

ಪತ್ರವಿಲ್ಲ, ಹನ್ನೆರಡು ಪದಗಳ ಒಂದು ಗುಟ್ಟು ಇರುತ್ತದೆ, ಅದು ಕಳೆದರೆ ಸೈಟೂ ಹೋದ ಹಾಗೆ ಎಂದೆ. “ಸರ್ಟಿಫೈಡ್ ಕಾಪಿ?” ಸಿಗುವುದಿಲ್ಲ. “ಲೋನು?” ಆಗ ಅದೂ ಇಲ್ಲ, 2018ರಲ್ಲೇ ರಿಸರ್ವ್ ಬ್ಯಾಂಕು ಕ್ರಿಪ್ಟೋ ವ್ಯವಹಾರದವರಿಗೆ ಸೇವೆ ಕೊಡಬೇಡಿ ಎಂದು ಬ್ಯಾಂಕುಗಳಿಗೆ ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿದ್ದು 2020ರ ಮಾರ್ಚ್ 4ರಂದು.

“ಎಷ್ಟು ಅಂತಸ್ತು ಎಬ್ಬಿಸಬಹುದು?”

ಒಂದು ಪಾರ್ಸೆಲ್ಲಿಗೆ 20 ಮೀಟರು. “ಗ್ರೌಂಡ್ ಪ್ಲಸ್ ಫೈವ್ ಬರುತ್ತೆ. ಪಕ್ಕಕ್ಕೆ ಒಂದಡಿ, ಎರಡಡಿ?” ಎಲ್ಲೆ ದಾಟಿದರೆ ಕಟ್ಟಿದ್ದು ಕಾಣಿಸುವುದೇ ಇಲ್ಲ ಎಂದೆ. ಮಾವ ಮೌಸಿನಿಂದ ಕೈ ತೆಗೆದರು. “ಡೀವಿಯೇಷನ್ ಇಲ್ಲ, ಅಕ್ರಮ-ಸಕ್ರಮ ಇಲ್ಲ. ಹಾಗಿದ್ರೆ ಮನುಷ್ಯ ಮನೆ ಕಟ್ಟೋದಾದ್ರೂ ಯಾಕೆ?” ತಕರಾರು ಬಂದರೆ ತೀರ್ಮಾನ ಯಾರದ್ದು ಎಂದು ಕೇಳಿದರು. ಒಡೆಯರೆಲ್ಲ ಸೇರಿ ಮತ ಹಾಕುತ್ತಾರೆ, ಜಾಗ ಮತ್ತು ಮಾನಾ ಹೆಚ್ಚಿದ್ದವರಿಗೆ ಮತವೂ ಹೆಚ್ಚು. “ಇದೊಂದು ನಮ್ಮ ಹಾಗೇ ಇದೆ” ಎಂದು ಸಮಾಧಾನಪಟ್ಟುಕೊಂಡರು.

ಇಲ್ಲಿಯವರೆಗೂ ನಗುತ್ತಿದ್ದವನು ನಾನು. ಪ್ಲಾಜಾಕ್ಕೆ ಹತ್ತಿರವಿರುವ, ರಸ್ತೆಗೆ ತಾಗಿದ ಪಾರ್ಸೆಲ್ಲಿಗೆ ರೇಟು ಹೆಚ್ಚು ಎಂದಾಗ ಮಾವ ಕೇಳಿದ್ದಕ್ಕೆ ನಗು ನಿಂತಿತು. ವಾಪಸು ಬರುವಾಗ ನಾನು ಚಾಟಿನಲ್ಲಿ ಎರಡು ಅಂಕಿ ಕುಟ್ಟಿದ್ದೆ, ಊರಿನ ಆ ಕೊನೆಯಿಂದ ಮಧ್ಯಕ್ಕೆ ಬಂದು ಬಿದ್ದಿದ್ದೆವು. “ಅಲ್ವೋ, ಎಲ್ಲಿಂದ ಎಲ್ಲಿಗೆ ಬೇಕಾದ್ರೂ ಹೀಗೆ ಹಾರಬಹುದು ಅಂದ್ರೆ ಮೆಜೆಸ್ಟಿಕ್ಕಿಗೆ ಹತ್ರ ಅನ್ನೋ ಮಾತಿಗೆ ಏನು ಬೆಲೆ? ನಡೆಯೋ ದೂರ ಇದ್ರೆ ತಾನೇ ಹತ್ರದ ಸೈಟಿಗೆ ರೇಟು? ಇನ್ನೊಂದು, ನಾಳೆ ಬೇರೆಯೋನು ಇದೇ ಥರ ಪಕ್ಕದಲ್ಲಿ ಇನ್ನೊಂದು ಲೇಔಟ್ ಮಾಡಿದ್ರೆ? ಭೂಮಿ ಆದ್ರೆ ಮುಗಿಯುತ್ತೆ. ಇದು ಮುಗಿಯುತ್ತೇನೋ?”

ಈ ಎರಡು ಪ್ರಶ್ನೆಯನ್ನು ಆ ಕಾಲದ ಯಾವ ಹೂಡಿಕೆ ಪಂಡಿತನೂ ಇಷ್ಟು ನೇರವಾಗಿ ಕೇಳಿದ್ದು ನಾನು ಕಾಣೆ. ಸ್ಯಾಂಡ್‌ಬಾಕ್ಸ್ ಎಂಬ ಇನ್ನೊಂದು ಲೋಕ ಆಗಲೇ 1,66,464 ಸೈಟುಗಳ ನಕ್ಷೆ ಹಿಡಿದು ಮಾರಾಟಕ್ಕೆ ಇಳಿದಿತ್ತು. ಮಾವ ಕೊಳ್ಳಲಿಲ್ಲ. ಮೂಲೆಯ ಪಾರ್ಸೆಲ್ಲು ಕೆಲವು ನೂರು ಡಾಲರಿಗೆ ಸಿಗುತ್ತಿದ್ದ ಕಾಲ ಅದು.

2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ, ಮುಂದಿನ ದಾರಿ ಇಂಥ ಲೋಕಗಳದ್ದೇ ಎನ್ನುತ್ತ, ಮೆಟಾ ಎಂದು ಹೆಸರು ಬದಲಿಸಿತು. ನವೆಂಬರಿನಲ್ಲಿ ಡಿಸೆಂಟ್ರಾಲ್ಯಾಂಡಿನ ಫ್ಯಾಷನ್ ಸ್ಟ್ರೀಟಿನ 116 ಪಾರ್ಸೆಲ್ಲು ಸುಮಾರು 24 ಲಕ್ಷ ಡಾಲರಿಗೆ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಜೆಪಿ ಮಾರ್ಗನ್ ಬ್ಯಾಂಕು ಅಲ್ಲೊಂದು ಲಾಂಜು ತೆರೆದು, ಒಳಗೆ ಹುಲಿಯೊಂದನ್ನು ಓಡಾಡಲು ಬಿಟ್ಟಿತು; ಅತ್ತೆ ಕೇಳಿದ್ದ ನರಿಯ ಕೊರತೆ ಹಾಗೆ ನೀಗಿತು. ಮಾವ ಹೊಸ ಚೈತನ್ಯ ತಳೆದರು. ಗೃಹಪ್ರವೇಶವೊಂದರ ಪಂಕ್ತಿಯಲ್ಲಿ ಪಲ್ಯ ಬಡಿಸುವವನನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದರು: “ಕೋರಮಂಗಲ ಬಿಡು, ಡಿಸೆಂಟ್ರಾಲ್ಯಾಂಡಿಗೆ ಖುದ್ದು ಹೋಗಿ ಸೈಟು ನೋಡಿದ್ದೆ ಕಣಯ್ಯ, ಓಪನ್ ಆದ ಹೊಸದರಲ್ಲೇ. ಅಡ್ವಾನ್ಸು ಕೊಡೋದೊಂದು ಬಾಕಿ. ಇವಳು ನರಿ ವಿಷಯ ತೆಗೆದಳು.”

ಅದೇ ವರ್ಷದ ಬಜೆಟ್ಟು ಇಂಥ ಆಸ್ತಿಯ ಲಾಭದ ಮೇಲೆ ನೂರಕ್ಕೆ 30 ತೆರಿಗೆ ಹಾಕಿತು. ಐದು ಡಾಲರ್ ದಾಟಿದ್ದ ಮಾನಾ 2022ರ ಕೊನೆಗೆ ಅರ್ಧ ಡಾಲರಿಗಿಂತ ಕೆಳಗಿತ್ತು. ಒಂದು ದಿನದಲ್ಲಿ ಅಲ್ಲಿ ವ್ಯವಹಾರ ಮಾಡಿದವರು 38 ಜನ ಎಂದು ಸುದ್ದಿ ಬಂತು. ಅದು ತಪ್ಪು ಲೆಕ್ಕ, ದಿನಕ್ಕೆ ಸುಮಾರು 8,000 ಜನ ಬರುತ್ತಾರೆ ಎಂದು ಊರಿನವರು ಹೇಳಿದರು. “ಎಂಟು ಸಾವಿರನೇ ಇಟ್ಕೋ” ಎಂದರು ಮಾವ. “ತೊಂಬತ್ತು ಸಾವಿರ ಸೈಟಿಗೆ! ನಾನು ಅವತ್ತೇ ಹೇಳಿರಲಿಲ್ವಾ?” ಹಾಗಂತ ಬಿಟ್ಟ ಸೈಟುಗಳ ಪಟ್ಟಿಯಿಂದ ಅದನ್ನು ತೆಗೆದಿಲ್ಲ.

ನೋಡಿ ಬರುವುದಕ್ಕೆ ದುಡ್ಡು ಕೊಡಬೇಕಿಲ್ಲ. ಕೊಳ್ಳುವ ಯೋಚನೆ ಬಂದರೆ ಮಾತ್ರ ನಿಮ್ಮ ಬಳಗದ ಸೈಟು ಮಾವನನ್ನು ಕರೆದುಕೊಂಡು ಹೋಗಿ ಜಾಗ ತೋರಿಸಿ. ಅವರು ಬೇಡವೆಂದರೆ ಬಿಟ್ಟುಬಿಡಿ. ಆಗಬಹುದು ಎಂದರೆ ಅತ್ತೆಯನ್ನು ಕೇಳಿ.