ಸಶಬ್ದ ಉಡುಗೊರೆ ಮೀಮಾಂಸೆ

ಕೊಡುವುದು ಮಗುವಿಗೆ, ಅನುಭವಿಸುವುದು ಮಗುವಿನ ಅಪ್ಪ ಅಮ್ಮ: ಇದು ಉಡುಗೊರೆಯ ಲಕ್ಷಣ. ಇದರಲ್ಲಿ ನಿಶ್ಶಬ್ದ, ಸಶಬ್ದ ಎಂದು ಎರಡು ಪ್ರಭೇದ. ಬಟ್ಟೆ, ಪುಸ್ತಕ, ಬೆಳ್ಳಿ ಲೋಟ ಮೊದಲಾದವು ನಿಶ್ಶಬ್ದ ವರ್ಗದವು. ಮಗು ಇವನ್ನು ಬಿಚ್ಚಿ ನೋಡಿ, ಪಕ್ಕಕ್ಕೆ ಸರಿಸಿ, ಖಾಲಿ ಡಬ್ಬಿಯೊಳಗೆ ತಾನೇ ಹೋಗಿ ಕೂರುವುದರಿಂದ ಶಾಸ್ತ್ರಕ್ಕೆ ಇಲ್ಲಿ ಹೆಚ್ಚು ಕೆಲಸವಿಲ್ಲ. ಬ್ಯಾಟರಿ, ಸ್ಪೀಕರು, ಒತ್ತುವ ಗುಂಡಿ ಮೂರೂ ಕೂಡಿರುವ ಸಶಬ್ದ ವರ್ಗವೇ ಪ್ರಸ್ತುತ ಪ್ರಬಂಧದ ವಿಷಯ.

ಸಶಬ್ದ ಉಡುಗೊರೆ ವರ್ಷದ ಯಾವ ತಿಂಗಳಲ್ಲಾದರೂ ಬರಬಹುದಾದರೂ ಕನ್ನಡಿಗರ ಮನೆಗಳಲ್ಲಿ ಅದರ ಹಂಗಾಮು ಎಂದರೆ ದಸರೆ, ಡಿಸೆಂಬರ್ ಮತ್ತು ಬೇಸಿಗೆ ರಜೆ. ದಸರೆಯದು ಇವುಗಳಲ್ಲಿ ವಿಚಿತ್ರ ಪ್ರಕರಣ. ಒಂಬತ್ತು ದಿನ ನಡುಮನೆ ತುಂಬ ಬೊಂಬೆ ಕೂರಿಸಿ, ಪಟ್ಟದ ಬೊಂಬೆಗಳಿಗೆ ರೇಷ್ಮೆ ಉಡಿಸಿ, ಬೀದಿಯ ಮಕ್ಕಳನ್ನೆಲ್ಲ ಕರೆದು, ಬೊಂಬೆ ಬಾಗಿನವೆಂದು ಚಕ್ಕುಲಿ ಕೋಡುಬಳೆ ಕೈಗಿಟ್ಟು, ‘ಒಂದನ್ನೂ ಮುಟ್ಟಕೂಡದು’ ಎಂದು ಕಣ್ಣುಬಿಡುವ ಹಬ್ಬ ಇದು. ಹಿರಿಯರು ತಮಗಾಗಿ ಏರ್ಪಡಿಸಿಕೊಂಡ ಈ ಆಟಿಕೆ ವ್ಯವಸ್ಥೆ ಸಂಪೂರ್ಣ ನಿಶ್ಶಬ್ದವಾಗಿದೆ ಎಂಬುದನ್ನು ಗಮನಿಸಬೇಕು. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕೊಡಿಸುವ ತುತ್ತೂರಿ ಸದ್ದು ಮಾಡುವುದೇನೋ ನಿಜ. ಆದರೆ ಅದು ಊದುವವರ ಉಸಿರನ್ನು ನೆಚ್ಚಿಕೊಂಡದ್ದು. ಮಗು ಮಲಗಿದರೆ ಅದೂ ಮಲಗುತ್ತದೆ. ಎಷ್ಟೋ ಸಲ ಮನೆ ಸೇರುವ ಮೊದಲೇ ಸೀಳಿ ಪ್ರಾಣ ಬಿಡುತ್ತದೆ. ಯಾರೂ ಮುಟ್ಟದಿದ್ದಾಗಲೂ ತಾನೇ ಹಾಡುವ ಸಿದ್ಧಿ ಆಟಿಕೆಗಳಿಗೆ ದಕ್ಕಿದ್ದು ಬೇರೆ ಕಡೆಯಿಂದ.

ಆ ಸಾಧನೆಯ ಮೊದಲ ಹೆಜ್ಜೆ ಇಟ್ಟವನು ಥಾಮಸ್ ಆಲ್ವಾ ಎಡಿಸನ್. 1890ರಲ್ಲಿ ಅವನ ಕಂಪನಿ ಬೊಂಬೆಯ ಹೊಟ್ಟೆಯೊಳಗೆ ಪುಟ್ಟ ಫೋನೋಗ್ರಾಫ್ ಕೂರಿಸಿ ಮಾರಾಟಕ್ಕೆ ಬಿಟ್ಟಿತು. ಹಿಡಿಕೆ ತಿರುಗಿಸಿದರೆ ಬೊಂಬೆ ಶಿಶುಗೀತೆ ಹೇಳುತ್ತಿತ್ತು. ದನಿ ಕೀರಲು, ಯಂತ್ರ ನಾಜೂಕು; ಕೊಂಡವರು ಒಬ್ಬೊಬ್ಬರಾಗಿ ಹಿಂದಕ್ಕೆ ತಂದುಕೊಟ್ಟರು, ಕೆಲವೇ ವಾರಗಳಲ್ಲಿ ಮಾರಾಟ ನಿಂತಿತು. ಪೋಷಕರ ಚರಿತ್ರೆಯಲ್ಲಿ ಇದನ್ನು ಮೊದಲ ಹಾಗೂ ಬಹುಶಃ ಕೊನೆಯ ವಿಜಯವೆಂದು ದಾಖಲಿಸಬೇಕು. 1960ರ ಹೊತ್ತಿಗೆ ಮ್ಯಾಟೆಲ್ ಕಂಪನಿಯ ಚಾಟಿ ಕ್ಯಾಥಿ ಬೆನ್ನಿನ ದಾರ ಎಳೆದರೆ ಮಾತಾಡುವವಳಾದಳು. 1998ರಲ್ಲಿ ಬಂದ ಫರ್ಬಿ ಎಂಬ ಗೂಬೆಮೋರೆಯ ಪ್ರಾಣಿಗೆ ದಾರವೂ ಬೇಡವಾಯಿತು. ಕೇಳಿದ್ದನ್ನು ಕಲಿತು ಹೊರಗೆ ಹೇಳಿಬಿಟ್ಟೀತೆಂಬ ಅಂಜಿಕೆಯಿಂದ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ತನ್ನ ಕಚೇರಿಯೊಳಗೆ ಫರ್ಬಿಯನ್ನು ತರಬಾರದೆಂದು ಆಜ್ಞೆ ಹೊರಡಿಸಿತು. ಅದಕ್ಕೆ ಧ್ವನಿಮುದ್ರಣದ ಶಕ್ತಿಯೇ ಇರಲಿಲ್ಲವೆಂಬುದು ಬೇರೆ ಮಾತು. ಬೇಹುಗಾರರು ಬಾಗಿಲಲ್ಲೇ ತಡೆದ ವಸ್ತುವನ್ನು ಸಾಮಾನ್ಯ ಗೃಹಸ್ಥರು ತಡೆಯಲಾರರು, ಏಕೆಂದರೆ ಕಚೇರಿಗೆ ಸೋದರಮಾವಂದಿರಿಲ್ಲ.

ಇನ್ನು ಅಂಗರಚನೆ. ಅಗ್ಗದ ಸಂಗೀತದ ಮೂಲವಸ್ತು ಬಹುಕಾಲ ಯುಎಂ 66 ಎಂಬ ಬಿಡಿಭಾಗವಾಗಿತ್ತು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಾಮಾನು ಹುಡುಕಿ ಅಲೆದ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಗೊತ್ತು. ಮೂರು ಕಾಲು, ಟ್ರಾನ್ಸಿಸ್ಟರಿನ ಆಕಾರ, ಒಳಗೆ 64 ಸ್ವರಗಳಿಗೆ ಮಾತ್ರ ಜಾಗ. ಒಂದೂವರೆ ವೋಲ್ಟ್ ಸಿಕ್ಕರೆ ಸಾಕು, ಹಾಡತೊಡಗುತ್ತದೆ. 64 ಮುಗಿದರೆ ಮತ್ತೆ ಒಂದರಿಂದ. ಇದರ ಒಂದು ಜನಪ್ರಿಯ ನಮೂನೆಯಲ್ಲಿ ತುಂಬಿದ್ದು ಬೀಥೋವನನ ‘ಫ್ಯೂರ್ ಎಲೀಸೆ’. 1810ರಲ್ಲಿ ರಚಿಸಿದ ಈ ಕೃತಿಯನ್ನು ಬೀಥೋವನ್ ತಾನು ಬದುಕಿರುವವರೆಗೆ ಪ್ರಕಟಿಸಲಿಲ್ಲ. ಅವನು ತೀರಿಕೊಂಡು 40 ವರ್ಷವಾದ ಮೇಲೆ, 1867ರಲ್ಲಿ, ಅದು ಅಚ್ಚಾಯಿತು. ಆತನ ಸಂಯಮವನ್ನು ಮುಂದಿನವರು ಪಾಲಿಸಿದ್ದರೆ ಎಷ್ಟೋ ಮನೆಗಳ ಮಧ್ಯಾಹ್ನದ ನಿದ್ದೆ ಉಳಿಯುತ್ತಿತ್ತು. ಹಕ್ಕುಸ್ವಾಮ್ಯದ ತೊಡಕಿಲ್ಲ, ಗೌರವಧನ ಕೇಳುವವರಿಲ್ಲ. ಹೀಗಾಗಿ ಆಟದ ಫೋನು, ಶುಭಾಶಯ ಪತ್ರ, ಕರೆಗಂಟೆ ಎಲ್ಲಕ್ಕೂ ಅದೇ ರಾಗ. ಅದರ ಆರಂಭ ನಾಡಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿದೆ. ಅದಕ್ಕೆ ಮುಂದಿನ ಭಾಗವೂ ಉಂಟು ಎಂಬ ಸಂಗತಿ ಪಿಯಾನೋ ಕಲಿತವರನ್ನು ಬಿಟ್ಟರೆ ಯಾರಿಗೂ ತಿಳಿದಂತಿಲ್ಲ.

ಆಧುನಿಕ ಯುಗದಲ್ಲಿ ಬೀಥೋವನನ ಸ್ಥಾನವನ್ನು ಒಂದು ಮರಿ ಶಾರ್ಕ್ ಆಕ್ರಮಿಸಿದೆ. ದಕ್ಷಿಣ ಕೊರಿಯಾದ ಪಿಂಕ್‌ಫಾಂಗ್ ಸಂಸ್ಥೆ 2016ರಲ್ಲಿ ಯೂಟ್ಯೂಬಿಗೆ ಹಾಕಿದ ‘ಬೇಬಿ ಶಾರ್ಕ್’ ಕುಣಿತದ ವಿಡಿಯೊ 2022ರ ಜನವರಿಯಲ್ಲಿ 1,000 ಕೋಟಿ ವೀಕ್ಷಣೆ ದಾಟಿದ ಮೊದಲ ವಿಡಿಯೊ ಎನಿಸಿತು. ಹಾಡಿನ ಉದ್ದ ಎರಡೇ ನಿಮಿಷವೆಂದು ಉದಾರವಾಗಿ ಹಿಡಿದರೂ ಮನುಕುಲ ಇದಕ್ಕೆ 38,000 ವರ್ಷಗಳಿಗೂ ಹೆಚ್ಚು ಕಾಲ ವ್ಯಯಿಸಿದಂತಾಯಿತು. ಅಮೆರಿಕದ ಓಕ್ಲಹೋಮದ ಒಂದು ಜೈಲಿನಲ್ಲಿ ಕೈದಿಗಳನ್ನು ನಿಲ್ಲಿಸಿ ಇದೇ ಹಾಡನ್ನು ಮತ್ತೆ ಮತ್ತೆ ಕೇಳಿಸಿದರೆಂಬ ಆರೋಪದ ಮೇಲೆ 2020ರಲ್ಲಿ ಅಲ್ಲಿನ ಮಾಜಿ ನೌಕರರ ವಿರುದ್ಧ ಮೊಕದ್ದಮೆ ಹೂಡಲಾಯಿತು. ಅದೇ ಹಾಡನ್ನು ಅದೇ ರೀತಿ ಮನೆಯ ಹಿರಿಯರಿಗೆ ಕೇಳಿಸುವ ಮೂರು ವರ್ಷದ ವ್ಯಕ್ತಿಯ ಮೇಲೆ ಕ್ರಮ ಕೈಗೊಳ್ಳಲು ಕಾನೂನಿನಲ್ಲಿ ಅವಕಾಶವಿಲ್ಲ.

ಬ್ಯಾಟರಿ ಗೂಡಿನ ಮುಚ್ಚಳ ಈ ಶಾಸ್ತ್ರದ ಅತಿ ಸೂಕ್ಷ್ಮ ಸ್ಥಾನ. ಸಣ್ಣ ಬ್ಯಾಟರಿಯನ್ನು ಮಗು ನುಂಗಬಾರದೆಂದು ಸುರಕ್ಷತಾ ನಿಯಮಗಳು ಅದಕ್ಕೊಂದು ಸ್ಕ್ರೂ ವಿಧಿಸಿವೆ. ಉದ್ದೇಶ ಒಳ್ಳೆಯದೇ. ಆದರೆ ಸಂಗೀತವನ್ನು ಪೋಷಕರಿಂದ ಕಾಪಾಡುವ ಕೆಲಸವನ್ನೂ ಅದೇ ಸ್ಕ್ರೂ ನಿರ್ವಹಿಸುತ್ತದೆ. ಅದರ ತಲೆ ಸಾಸಿವೆಗಿಂತ ತುಸು ದೊಡ್ಡದು. ಮನೆಯಲ್ಲಿರುವ ಸ್ಕ್ರೂಡ್ರೈವರು ಫ್ಯಾನಿನದು. ಚಾಕುವಿನ ತುದಿ, ಉಗುರು ಕತ್ತರಿ, ಹಳೆಯ ಹತ್ತು ಪೈಸೆ ಒಂದೊಂದಾಗಿ ಸೋಲುತ್ತವೆ. ಸ್ಕ್ರೂವಿನ ಗೀಟು ಸವೆದು ಬಟ್ಟಲಾಗುತ್ತದೆ. ಅಷ್ಟರಲ್ಲಿ ತಿರುಗಿಸಿದ ರಭಸಕ್ಕೆ ಗುಂಡಿ ಒತ್ತಿಹೋಗಿ, ಮಲಗಿದ್ದ ಮಗು ಎದ್ದು ಕೂತು ಚಪ್ಪಾಳೆ ತಟ್ಟುತ್ತದೆ. ಮುಚ್ಚಳ ಬಿಚ್ಚುವುದರಲ್ಲಿ ಸಫಲರಾದ ವಿರಳ ಪೋಷಕರು ಸೆಲ್ಲುಗಳನ್ನು ತೆಗೆದು ಟಿ.ವಿ. ರಿಮೋಟಿಗೆ ಹಾಕಿ, ‘ಹಾಳಾಗಿದೆ ಪುಟ್ಟಾ’ ಎಂದು ಘೋಷಿಸುವುದು ವಾಡಿಕೆ. ನಾಲ್ಕು ದಾಟಿದ ಮಗುವಿಗೆ ರಿಮೋಟಿನ ಬೆನ್ನು ತೆರೆಯಲು ಬರುತ್ತದೆ. ಅದಕ್ಕೆ ಸ್ಕ್ರೂ ಇರುವುದಿಲ್ಲ.

ಸಂಗೀತದ ನಂತರ ನಾಮಧೇಯ ಪ್ರಕರಣ. ಆಟಿಕೆಗೆ ಹೆಸರಿದ್ದರೆ ಬೆಲೆ, ಬೆಲೆಯಿದ್ದರೆ ಹಟ. ಚನ್ನಪಟ್ಟಣದಲ್ಲಿ ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ತಿರುಗಿಸಿ, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿ ಹೊಳೆಯುತ್ತದೆ. ಹೀಗೆ ಆದ ಬುಗುರಿ ತಿರುಗುತ್ತದೆ, ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆದಿದೆ. 1999ರಲ್ಲಿ ಜಪಾನಿನ ತಕಾರಾ ಕಂಪನಿ ಹೊರತಂದ ಬೇಬ್ಲೇಡ್ ಕೂಡ ತಿರುಗುತ್ತದೆ. ತಾರ್ಕಿಕರು ಇವೆರಡೂ ಬುಗುರಿಯೇ ಎಂದು ವಾದಿಸಬಹುದು. ಮಗು ಒಪ್ಪುವುದಿಲ್ಲ, ಬೇಬ್ಲೇಡಿಗೆ ಟಿ.ವಿ.ಯಲ್ಲಿ ಕಾರ್ಟೂನ್ ಬರುತ್ತದೆ, ಆಲೆ ಮರದ ಬುಗುರಿಗೆ ಬರುವುದಿಲ್ಲ. ಸಾಲದ್ದಕ್ಕೆ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಚನ್ನಪಟ್ಟಣವನ್ನು ಬಳಸಿಕೊಂಡು ಹೋಗುವುದರಿಂದ ಈಗ ಆ ಬೊಂಬೆ ಅಂಗಡಿಗಳು ಕಾರಿನ ಕಿಟಕಿಗೂ ಕಾಣಿಸುವುದಿಲ್ಲ.

ಹೆಸರೊಂದಿದ್ದರೆ ಆಟಿಕೆಯೇ ಬೇಕಿಲ್ಲ ಎಂಬ ಸಿದ್ಧಾಂತವೂ ಪ್ರಯೋಗದಿಂದ ರುಜುವಾತಾಗಿದೆ. 1977ರಲ್ಲಿ ‘ಸ್ಟಾರ್ ವಾರ್ಸ್’ ಚಿತ್ರ ಊಹೆ ಮೀರಿ ಓಡಿದಾಗ ಬೊಂಬೆ ಮಾಡುವ ಹಕ್ಕು ಪಡೆದಿದ್ದ ಕೆನ್ನರ್ ಕಂಪನಿಗೆ ಕ್ರಿಸ್‌ಮಸ್‌ಗೆ ಮುಂಚೆ ಬೊಂಬೆ ಸಿದ್ಧಪಡಿಸಲಾಗಲಿಲ್ಲ. ಕಂಪನಿ ಧೃತಿಗೆಡದೆ, ಬೊಂಬೆಗಳನ್ನು ಆಮೇಲೆ ಕಳಿಸುತ್ತೇವೆಂಬ ಪ್ರಮಾಣಪತ್ರವನ್ನು ರಟ್ಟಿನ ಲಕೋಟೆಯಲ್ಲಿಟ್ಟು ಮಾರಿತು. ಅಪ್ಪ ಅಮ್ಮಂದಿರು ಕೊಂಡರು. ನಿಶ್ಶಬ್ದ, ಹಗುರ, ಕಾಲಿಗೆ ಚುಚ್ಚದ ಆ ಖಾಲಿ ರಟ್ಟನ್ನು ಈ ಶಾಸ್ತ್ರ ಆದರ್ಶ ಉಡುಗೊರೆಯೆಂದು ಪರಿಗಣಿಸುತ್ತದೆ. ದುರದೃಷ್ಟಕ್ಕೆ ಮರುವರ್ಷ ಬೊಂಬೆಗಳು ಬಂದೇಬಿಟ್ಟವು. ಮುಂದೆ 1984ರಲ್ಲಿ ಅಮೆರಿಕ ಸರ್ಕಾರ ಟಿ.ವಿ. ಜಾಹೀರಾತಿನ ಕಾಲಮಿತಿಯನ್ನು ಸಡಿಲಿಸಿದ ಮೇಲೆ ಆಟಿಕೆಗಾಗಿ ಕಾರ್ಟೂನೋ ಕಾರ್ಟೂನಿಗಾಗಿ ಆಟಿಕೆಯೋ ಎಂಬ ಬೀಜವೃಕ್ಷ ನ್ಯಾಯದ ಜಿಜ್ಞಾಸೆ ಶುರುವಾಯಿತು. ಸ್ವೀಡನ್ ಮಾತ್ರ 1991ರಿಂದ 12 ವರ್ಷದೊಳಗಿನವರನ್ನು ಗುರಿಯಾಗಿಸಿದ ಟಿ.ವಿ. ಜಾಹೀರಾತನ್ನು ನಿಷೇಧಿಸಿ ಜಿಜ್ಞಾಸೆಯಿಂದ ಪಾರಾಯಿತು. ಭಾರತದಲ್ಲಿ 2008ರಿಂದ ಛೋಟಾ ಭೀಮ್ ಟಿ.ವಿ.ಯಲ್ಲಿ ಲಾಡು ತಿನ್ನುತ್ತಿದ್ದಾನೆ. ಊಟದ ಡಬ್ಬಿ, ಕೊಡೆ, ಶಾಲೆ ಚೀಲಗಳ ಮೇಲೂ ಅವನೇ.

ಲೆಗೊ ಇಟ್ಟಿಗೆಗಳದು ಇನ್ನೊಂದು ಬಗೆಯ ದುರಂತ. ಎಂಟು ಗುಬುಟಿನ, ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ರೀತಿಯಲ್ಲಿ ಜೋಡಿಸಬಹುದೆಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ. 1999ರಿಂದ ಅವು ಸಿನಿಮಾದ ಹೆಸರು ಹೊತ್ತು ಬರತೊಡಗಿದ ಮೇಲೆ ಮಗುವಿಗೆ ಬೇಕಾದದ್ದು ಡಬ್ಬಿಯ ಮೇಲೆ ಅಚ್ಚಾಗಿರುವ ಒಂದೇ ರೀತಿ. ಜೋಡಿಸುವವರು ಅಪ್ಪ. ಒಂದು ತುಂಡು ಸೋಫಾದಡಿ ಸೇರಿರುತ್ತದೆ.

ಕೊಡುಗೈಗಳ ವಿಚಾರಕ್ಕೆ ಬಂದರೆ, ಉಡುಗೊರೆಯ ಸದ್ದು ಕೊಟ್ಟವರ ಮನೆ ಎಷ್ಟು ದೂರವೋ ಅಷ್ಟು ಜೋರು ಎಂಬುದು ಇಲ್ಲಿನ ಮುಖ್ಯ ಸೂತ್ರ. ಒಂದೇ ಮನೆಯಲ್ಲಿರುವ ಅಜ್ಜಿ ತರುವುದು ಬಣ್ಣದ ಪೆನ್ಸಿಲ್ಲು. ಜಯನಗರದ ಅತ್ತೆ ತರುವುದು ಗಿಲಕಿ. ಹುಬ್ಬಳ್ಳಿಯ ದೊಡ್ಡಪ್ಪ ಕೀಲಿ ಕೊಟ್ಟರೆ ಡೋಲು ಬಾರಿಸುವ ಕೋತಿ ತಂದರೆ, ನ್ಯೂಜೆರ್ಸಿಯ ಸೋದರಮಾವ ಡಿಸೆಂಬರ್ ರಜೆಗೆ ಬರುವಾಗ ಸೈರನ್ನು ಕೂಗುವ ಅಗ್ನಿಶಾಮಕ ವಾಹನ ತರುತ್ತಾನೆ. ಜನವರಿ ಮೊದಲ ವಾರ ವಿಮಾನ ಹತ್ತುವಾಗ ಅದನ್ನು ಇಲ್ಲೇ ಬಿಟ್ಟು ಹೋಗುತ್ತಾನೆ. ವಿದೇಶಿ ಆಟಿಕೆಗಳ ಮೇಲಿನ ಆಮದು ಸುಂಕವನ್ನು ಭಾರತ ಸರ್ಕಾರ 2020ರಲ್ಲಿ ಶೇ. 20ರಿಂದ ಶೇ. 60ಕ್ಕೂ 2023ರಲ್ಲಿ ಶೇ. 70ಕ್ಕೂ ಏರಿಸಿತು, 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆಯನ್ನೂ ಕಡ್ಡಾಯ ಮಾಡಿತು. ಹಡಗಿನಲ್ಲಿ ಬರುವ ಕಂಟೇನರನ್ನು ಇವು ತಡೆದಾವು. ಹಪ್ಪಳ ಸಂಡಿಗೆ ಒಯ್ಯಲೆಂದು ಖಾಲಿ ತರಬೇಕಾಗಿದ್ದ ಸೂಟ್‌ಕೇಸಿನಲ್ಲಿ ಬಂದಿಳಿಯುವ ಸೈರನ್ನಿಗೆ ಯಾವ ಸುಂಕವೂ ತಗಲುವುದಿಲ್ಲ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಸಾಲಕ್ಕೆ ಸಲ್ಲುತ್ತದೆ, ಸಶಬ್ದ ಉಡುಗೊರೆಗೆ ಸಲ್ಲುವುದಿಲ್ಲ. ಇಲ್ಲಿ ಕೊಟ್ಟವನೇ ವೀರಭದ್ರ. ಮಗುವಿನ ಕಣ್ಣಲ್ಲಿ ಅವನಿಗಿಂತ ದೊಡ್ಡ ಮನುಷ್ಯನಿಲ್ಲ. ಸದ್ದು ಅಡಗಿಸಲು ಹೋದ ಅಪ್ಪನೇ ಕಂಸ. ಅವಿವಾಹಿತ ಚಿಕ್ಕಪ್ಪಂದಿರು ಈ ವಿಷಯದಲ್ಲಿ ವಿಶೇಷ ಧೈರ್ಯಶಾಲಿಗಳು. ಆದರೆ ಅವರಿಗೂ ಮದುವೆಯಾಗಿ ಮಕ್ಕಳಾಗುತ್ತವೆ. ಮದುವೆಯ ಮುಯ್ಯಿಯನ್ನು ಪುಸ್ತಕದಲ್ಲಿ ಬರೆದಿಟ್ಟು ತಪ್ಪದೆ ತೀರಿಸುವ ನಾಡಿನಲ್ಲಿ, ಎಂದೋ ಬಂದ ಡ್ರಮ್ ಸೆಟ್ಟಿನ ಲೆಕ್ಕವೂ ಮರೆತುಹೋಗುವುದಿಲ್ಲ. ಅಣ್ಣ ತಮ್ಮಂದಿರ ಮಕ್ಕಳಲ್ಲಿ ಅಂತರ ಹೆಚ್ಚಿದ್ದಷ್ಟೂ ತೀರಿಸುವ ಮುಯ್ಯಿಯಲ್ಲಿ ತಂತ್ರಜ್ಞಾನ ಮುಂದುವರಿದಿರುತ್ತದೆ.

ಪರಿಹಾರೋಪಾಯಗಳು ಹಲವಿದ್ದರೂ ಫಲ ಅಷ್ಟಕ್ಕಷ್ಟೇ. ಸ್ಪೀಕರಿನ ತೂತುಗಳ ಮೇಲೆ ಸೆಲ್ಲೋಟೇಪ್ ಅಂಟಿಸಿದರೆ ದನಿ ತಗ್ಗುತ್ತದೆ, ಟೇಪನ್ನು ಮಗು ಕಿತ್ತು ತನ್ನ ಮೂಗಿಗೆ ಅಂಟಿಸಿಕೊಳ್ಳುವವರೆಗೆ. ಅಟ್ಟಕ್ಕೆ ಹಾಕಿದ ಆಟಿಕೆ ಬ್ಯಾಟರಿ ಕುಸಿದಂತೆ ಶ್ರುತಿ ಕಳೆದುಕೊಂಡು, ಅಮಾವಾಸ್ಯೆಯ ನಡುರಾತ್ರಿ ಇಲಿ ತಾಕಿದರೂ ಗೊಗ್ಗರು ದನಿಯಲ್ಲಿ ನರಳುತ್ತದೆ. ಹುಟ್ಟುಹಬ್ಬಕ್ಕೆ ಬಂದದ್ದನ್ನು ಹೊಸ ಕಾಗದ ಸುತ್ತಿ ಇನ್ನೊಂದು ಹುಟ್ಟುಹಬ್ಬಕ್ಕೆ ದಾಟಿಸುವುದು ನಗರಗಳಲ್ಲಿ ಬಳಕೆಯಲ್ಲಿರುವ ಉಪಾಯ. ಅಪಾರ್ಟ್‌ಮೆಂಟಿನ ನಾಲ್ಕು ಮಹಡಿ ಸುತ್ತಿ ಅದೇ ಆಟಿಕೆ ಅದೇ ಮನೆಗೆ ಮರಳಿ ಬಂದ ನಿದರ್ಶನಗಳೂ ಉಂಟು. ಕಾಲವೇ ಮದ್ದು ಎನ್ನುವವರೂ ಇದ್ದಾರೆ. ಅವರ ಮಾತು ಅರ್ಧ ಸತ್ಯ. ಏಳರ ಸುಮಾರಿಗೆ ಮಗು ಆಟಿಕೆಯ ಗುಂಡಿ ಒತ್ತುವುದನ್ನು ಬಿಡುತ್ತದೆ. ಮನೆಯವರು ಅದನ್ನು ಕೀಬೋರ್ಡ್ ಕ್ಲಾಸಿಗೆ ಸೇರಿಸುತ್ತಾರೆ. ಕ್ಲಾಸಿನಲ್ಲಿ ಕಲಿಸುವ ಆರಂಭದ ಪಾಠಗಳಲ್ಲಿ ‘ಫ್ಯೂರ್ ಎಲೀಸೆ’ ಇರುತ್ತದೆ.

ಅಲ್ಲಿಯವರೆಗಾದರೂ, ಸಶಬ್ದ ಉಡುಗೊರೆ ತರುವ ನೆಂಟರು ಜೊತೆಗೆ ಅದರ ಸ್ಕ್ರೂವಿಗೆ ಹೊಂದುವ ಸ್ಕ್ರೂಡ್ರೈವರನ್ನೂ ತರತಕ್ಕದ್ದು. ಅದನ್ನು ಮಗುವಿನ ಕೈಗೆ ಕೊಡದೆ ಅದರ ಅಮ್ಮನ ಕೈಗೆ ಕೊಡತಕ್ಕದ್ದು.